ಪಂಚಿಯ ಎಡಗಾಲು

ನವೆಂಬರ್ 10, ರವಿವಾರ. ಬೆಳಿಗ್ಗೆ

ಎದ್ದೆ. ಅಂದರೆ, ಎದ್ದ ಹಾಗೆ. ಮೊದಲು ಮಗ್ಗುಲಿಗೆ ಹೊರಳು, ಕಾಲು ಕೆಳಗೆ ಬಿಡು, ಮೊಣಕೈ ಊರು, ಆಮೇಲೆ ಏಳು. ಟೊಂಕ ಇವತ್ತೂ ಹಿಡಿದಿದೆ. ಬಿಸಿನೀರಿನ ರಬ್ಬರ್ ಚೀಲ ಬೆನ್ನಿಗಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದೇನೆ. ಭೀಮರಾಯನಗುಡಿ ಆಫೀಸಿನಲ್ಲಿ ಜನ್ಮವಿಡೀ ಕೂತದ್ದರ ಫಲ. ಸೆಡೆಂಟರಿ ಹ್ಯಾಬಿಟ್ಸ್ — ಬಿ.ಎ.ಯಲ್ಲಿ ಯಾವುದೋ ಪಾಠದಲ್ಲಿ ಬಂದ ಮಾತು. ಪಾಠ ಮರೆತಿದೆ. ಮಾತು ಟೊಂಕದಲ್ಲಿ ಉಳಿದಿದೆ.

ಹೊಸ್ತಿಲಲ್ಲಿ ದವಾಖಾನೆ ಶುರು. ಪಕ್ಕದ ಮನೆಯ ಮದೀನಾಬೀ ಬೋರಲು ಮಲಗಿದ್ದಾಳೆ. ನನ್ನ ಮಗಳು ಪಂಚಶೀಲಾ ತಲೆಸ್ನಾನ ಮುಗಿಸಿ, ಇನ್ನೂ ಚಹಾ ಕೂಡ ಕುಡಿಯದೆ, ಎಡಗಾಲಿನ ಹೆಬ್ಬೆರಳನ್ನು ಆಕೆಯ ಟೊಂಕಕ್ಕೆ ಮೂರು ಸಲ ತಾಗಿಸಿದಳು. ಪಂಚಿ ಪಾಯಾಳು. ಹುಟ್ಟುವಾಗ ತಲೆ ಬದಲು ಕಾಲು ಮೊದಲು ಬಂತು. ಅಂಥವರ ಕಾಲು ತಾಗಿದರೆ ಹಿಡಿದ ಟೊಂಕ ಬಿಡುತ್ತದೆ ಅಂತ ಓಣಿಯ ನಂಬಿಕೆ. ರವಿವಾರ, ಗುರುವಾರ ಬಾಗಿಲಲ್ಲಿ ಜನ.

“ಯಾ ಅಲ್ಲಾ, ಹಗುರಾತು ನೋಡವಾ! ಅಣ್ಣಾ, ಮನ್ಯಾಗ ಡಾಕ್ಟರ್ ಇಟಗೊಂಡು ರಬ್ಬರ್ ಚೀಲ ಯಾಕ್ರಿ ನಿಮಗ?”

“ಸುಮ್ನ ಏಳ್ರಿ ಚಾಚಿ,” ಪಂಚಿ ನಕ್ಕಳು. “ನಮ್ಮ ಸಾಲ್ಯಾಗ ಗೊತ್ತಾದ್ರ ಹೆಡ್‌ಮಾಸ್ತರೂ ಬಂದು ಮಲಗ್ತಾರ.”

ನಾನು ನಂಬುವವನಲ್ಲ. ಗೋಡೆಯ ಮೇಲೆ ಬುದ್ಧನ ಫೋಟೋ ಇರುವ ಮನೆ. ಆದರೆ ನಿಜ ಬರೆಯಬೇಕೆಂದರೆ — ಮಗಳ ಕಾಲು ಅಪ್ಪನ ಬೆನ್ನಿಗೆ? ಛೆ.

ನವೆಂಬರ್ 14, ಗುರುವಾರ

ಪಂಚಿ ಬಿಡಲಿಲ್ಲ. ಡಾಕ್ಟರ್ ಶಾಂಭವಿ ಹತ್ತಿರ ಕರೆದೊಯ್ದಳು. ಸಣ್ಣ ವಯಸ್ಸು, ಮಾತು ಕಟ್ಟುನಿಟ್ಟು. ಬಗ್ಗಿಸಿ ನೋಡಿದರು, ಕಾಲು ಎತ್ತಿಸಿ ನೋಡಿದರು.

“ಭಾಳ ಮಂದೀಗೆ ಇದು ತಾನಾಗೇ ಕಡಿಮಿ ಆಗ್ತದ್ರಿ ಅಂಕಲ್. ಹಾಸಿಗಿ ಹಿಡೀಬ್ಯಾಡ್ರಿ. ಅಡ್ಡಾಡ್ರಿ. ಒಂದೇ ಕಡಿ ಕೂಡಬ್ಯಾಡ್ರಿ. ಏನರೆ ಎತ್ತೂದಿದ್ರ ಮೊಣಕಾಲು ಮಡಚ್ರಿ, ಟೊಂಕ ಬಗ್ಗಸಬ್ಯಾಡ್ರಿ.”

ಪಂಚಿ ಗುಳಿಗೆ ತರಲು ಹೊರಗೆ ಹೋದಳು. ಆಗ ಡಾಕ್ಟರ್ ದನಿ ತಗ್ಗಿಸಿದರು. “ಇನ್ನೊಂದು. ಕೂಡೂ ಜಾಗ ಜೋಮು ಹಿಡದ್ರ, ಒಂದಾ ನಿಂತ್ರ, ಕಾಲಿನ ಶಕ್ತಿ ಹೋದ್ರ — ಅವತ್ತೇ ಬರಬೇಕು. ನಾಳಿ ಅನ್ನಬಾರ್ದು. ನರ ಒತ್ತಿತಂದ್ರ ತಾಸು ತಾಸಿಗೂ ಲುಕ್ಸಾನ್.”

ಹೂಂ ಅಂದೆ. ಮಗಳಿಗೆ ಹೇಳಲಿಲ್ಲ. ಒಂದಾ ಗಿಂದಾ ಅಂತ ಮೂತ್ರದ ಮಾತು ಮಗಳ ಎದುರು ಹೇಗೆ ಹೇಳುವುದು? ಪರಿಮಳಾ ಇದ್ದಿದ್ದರೆ ಆಕೆಗೆ ಹೇಳುತ್ತಿದ್ದೆ. ಹೆಂಡತಿ ಹೋದ ಮೇಲೆ ಗಂಡಸಿನ ಮೈಗೆ ಬಾಯಿಯೇ ಇರುವುದಿಲ್ಲ.

ಡಿಸೆಂಬರ್ 1, ರವಿವಾರ

ಬರೆಯದೆ ಬಹಳ ದಿನವಾಯಿತು. ಬರೆಯಲು ನೋವಿರಲಿಲ್ಲ! ದಿನಾ ಬೆಳಿಗ್ಗೆ ವಾಕಿಂಗ್. ಎದುರಿಗೆ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ. ಎಷ್ಟು ಕಾಲದಿಂದ ಮಲಗಿದ್ದಾನೆ, ಟೊಂಕ ಹಿಡಿದಿಲ್ಲ. ಪಂಚಿಗೆ ಹೇಳಿದೆ. “ಅವ್ನು ಸರ್ಕಾರಿ ನೌಕ್ರಿ ಮಾಡಿಲ್ಲಪ್ಪಾ,” ಅಂದಳು.

ಡಿಸೆಂಬರ್ 10, ಮಂಗಳವಾರ. ಸಂಜೆ

ಬಳಿಚಕ್ರದಿಂದ ಭಾಮೈದ ಯಂಕಣ್ಣ ಜೋಳದ ಚೀಲ ತಂದಿಳಿಸಿದ. ಬಾಗಿಲಲ್ಲಿ ಇಟ್ಟು ಚಹಾ ಕುಡಿದು ಹೋದ. ಪಂಚಿ ಇನ್ನೂ ಬಂದಿರಲಿಲ್ಲ. ಮೋಡ ಬೇರೆ. ನಾನೇ ಒಳಗೆ ಎಳೆಯಲು ಬಗ್ಗಿದೆ. ಮೊಣಕಾಲು ಮಡಚಲಿಲ್ಲ. ಎಲ್ಲ ಗೊತ್ತಿದ್ದೂ...

ಒಳಗೆ ಏನೋ ಚಟ್ ಅಂತು. ಎಡಗಾಲಿನ ತುದಿಯವರೆಗೆ ಮಿಂಚು. ಗೋಡೆ ಹಿಡಿದು ನಿಂತುಬಿಟ್ಟೆ. ಪಂಚಿ ಬಂದಾಗಲೂ ಅಲ್ಲೇ ಇದ್ದೆ.

ಡಿಸೆಂಬರ್ 11

ಮಲಗಲು ಆಗುವುದಿಲ್ಲ. ಕೂಡಲು ಆಗುವುದಿಲ್ಲ. ಪಂಚಿ ರಜೆ ಹಾಕಿ ಬಿಸಿ ಇಟ್ಟಳು. ಡಾಕ್ಟರ್ ಹತ್ತಿರ ಹೋಗೋಣ ಅಂದಳು. ನಾಳೆ ಅಂದೆ.

ಡಿಸೆಂಬರ್ 12, ಗುರುವಾರ. ಬೆಳಿಗ್ಗೆ 6

ಸಂಡಾಸಿನಲ್ಲಿ ಕೂತೆ. ಕೆಳಗೆ ಯಾರೋ ಹತ್ತಿಯ ದಿಂಬು ಇಟ್ಟ ಹಾಗಿತ್ತು. ಮುಟ್ಟಿದೆ. ಕೈಗೆ ಮೈ ಗೊತ್ತಾಯಿತು, ಮೈಗೆ ಕೈ ಗೊತ್ತಾಗಲಿಲ್ಲ. ಚಳಿಗೆ ಇರಬೇಕು.

ಬೆಳಿಗ್ಗೆ 9

ಮದೀನಾಬೀ ಬಂದು ನಿಂತಳು. “ಅಣ್ಣಾ, ಇವತ್ತು ಗುರುವಾರ. ಸಾಯೂತನಕ ಶರಮ್ ಮಾಡ್ತೀರೇನು? ಮಲಗ್ರಿ!”

ನೋವಿಗೆ ಬುದ್ಧಿ ಇಲ್ಲ. ಹೊಸ್ತಿಲಿಗೆ ಅಡ್ಡ ಮಲಗಿದೆ. ಪಂಚಿ ಹಿಂದೆ ಸರಿದಳು. “ಅಪ್ಪನ ಮ್ಯಾಲ ಕಾಲು ಇಡಬೇಕೇನು ಚಾಚಿ? ನನ್ನಿಂದ ಆಗಲ್ಲ.” “ಮೊದ್ಲ ಪಾದ ಮುಟ್ಟಿ ಮಾಫಿ ಕೇಳು, ಆಮ್ಯಾಲ ಇಡು. ನಿಮ್ಮಪ್ಪ ನಡ್ಯೂದು ಬ್ಯಾಡೇನು?”

ಪಂಚಿಯ ಕೈ ನನ್ನ ಪಾದಕ್ಕೆ ಬಂತು. ಆಮೇಲೆ ತಣ್ಣನೆಯ ಹೆಬ್ಬೆರಳು ಟೊಂಕಕ್ಕೆ. ಒಂದು. ಎರಡನೆಯದಕ್ಕೆ ಕಾದೆ. ಕಾಯುತ್ತಲೇ ಇದ್ದೆ.

“ಆತಪ್ಪಾ, ಮೂರೂ ಆತು. ಹ್ಯಾಂಗನಸ್ತದ?”

ಉಳಿದೆರಡನ್ನು ಇನ್ನೂ ಕೆಳಗೆ ಇಟ್ಟಿದ್ದಳಂತೆ. ನನಗೆ ಗೊತ್ತೇ ಆಗಲಿಲ್ಲ.

ಗೋಡೆ ಹಿಡಿದು ಎದ್ದೆ. ಆಶ್ಚರ್ಯ, ನೋವು ಅರ್ಧ ಇಲ್ಲ. “ಹಗುರಾತವಾ,” ಅಂದೆ. ಮದೀನಾಬೀ ಪಂಚಿಗೆ ದೃಷ್ಟಿ ತೆಗೆದಳು, ಓಣಿಗೆಲ್ಲ ಕೂಗಿ ಹೇಳಿದಳು. ಪಂಚಿ ಅಳುತ್ತ ನಗುತ್ತ ಸಾಲೆಗೆ ಹೋದಳು. ಇಷ್ಟು ಖುಷಿ ಆಕೆಯ ಅವ್ವ ಹೋದ ಮೇಲೆ ನೋಡಿರಲಿಲ್ಲ.

ಮಧ್ಯಾಹ್ನ 12

ನೋವು ಇಲ್ಲ. ನೋವೊಂದೇ ಅಲ್ಲ, ಅಲ್ಲಿ ಏನೂ ಇಲ್ಲ. ಎಡಗಾಲು ಎತ್ತಲು ಬಲವಿಲ್ಲ, ಎಳೆದುಕೊಂಡು ನಡೆದೆ; ಅದರ ಚಪ್ಪಲಿ ಕಳಚಿಹೋದದ್ದು ಅಂಗಳ ದಾಟಿದ ಮೇಲೆ ಕಂಡಿತು. ಬೆಳಗಿನಿಂದ ಒಂದಾ ಆಗಿಲ್ಲ. ನೀರು ಕುಡಿದೆ, ನಲ್ಲಿ ಬಿಟ್ಟು ನಿಂತೆ. ಹೊಟ್ಟೆ ಬಿಗಿದಿದೆ. ಬರುವುದಿಲ್ಲ.

ಡಾಕ್ಟರ್ ಹೇಳಿದ ಮೂರೂ.

ಫೋನ್ ಕೈಯಲ್ಲೇ ಇದೆ. ಮಾಡಿದರೆ? ಓಣಿ ಏನನ್ನುತ್ತದೆ? ಬೆಳಿಗ್ಗೆ ಮಗಳು ಒದ್ದಳು, ಮಧ್ಯಾಹ್ನ ಅಪ್ಪನ ಕಾಲು ಬಿತ್ತು. ಓಣಿ ಹಾಳಾಗಲಿ. ಪಂಚಿ ಏನನ್ನುತ್ತಾಳೆ? ಜನ್ಮವಿಡೀ ಆ ಕಾಲಿನ ಮೇಲೆಯೇ ನಡೆಯಬೇಕು ಆಕೆ.

ಸಂಜೆವರೆಗೆ ನೋಡೋಣ. ಹಾಗೇ ಸರಿಹೋದರೆ... ಇಲ್ಲ. “ನಾಳಿ ಅನ್ನಬಾರ್ದು.” ನಿನ್ನೆಯೇ ಅಂದಾಗಿದೆ.

ಮಧ್ಯಾಹ್ನ 1

ಮಾಡಿದೆ. ಕನ್ನಡದಲ್ಲಿ ನಾಲಿಗೆ ಏಳಲಿಲ್ಲ. ಇಂಗ್ಲಿಷ್ ಕೈಹಿಡಿಯಿತು. ಟೆಲಿಗ್ರಾಂ ಓದಿದ ಹಾಗೆ ಹೇಳಿದೆ: “ಪಂಚಿ, ಯೂರಿನ್ ನಾಟ್ ಪಾಸಿಂಗ್. ಸೀಟ್ ಪೋರ್ಷನ್ ನೋ ಸೆನ್ಸೇಶನ್. ಡಾಕ್ಟರ್ ಹ್ಯಾಡ್ ಟೋಲ್ಡ್. ಕಮ್ ಇಮ್ಮೀಡಿಯೆಟ್ಲಿ.”

ಆ ಕಡೆ ಮಕ್ಕಳು ಮಗ್ಗಿ ಒದರುವುದು ಕೇಳುತ್ತಿತ್ತು. ಆಮೇಲೆ ಒಂದೇ ಮಾತು:

“ನನ್ನ ಕಾಲಿಂದೇನಪ್ಪಾ?”

ಅಲ್ಲ ಅನ್ನುವಷ್ಟರಲ್ಲಿ ಫೋನ್ ಕಟ್. ಮತ್ತೆ ಮಾಡಿದೆ, ಎಂಗೇಜ್. ಕಾರಿಗೆ, ಡಾಕ್ಟರಿಗೆ ಮಾಡುತ್ತಿರಬೇಕು.

1.30

ಮದೀನಾಬೀ ಬಂದಳು. ಪಂಚಿ ಆಕೆಗೂ ಫೋನ್ ಮಾಡಿದ್ದಾಳೆ. ಕಾರು ಬರುತ್ತದಂತೆ, ಡಾಕ್ಟರ್ ಶಾಂಭವಿ ಸೀದಾ ಕಲಬುರಗಿಗೆ ಅಂದಿದ್ದಾರಂತೆ, ಆಪರೇಶನ್ ಬೇಕಾಗಬಹುದಂತೆ. ಚಾದರ ಮಡಚುತ್ತಿದ್ದಾಳೆ, ನನ್ನ ಮುಖ ನೋಡುವುದಿಲ್ಲ. “ನಾನೇ ಹಟ ಮಾಡ್ದೆ ಅಣ್ಣಾ... ಆ ಕೂಸಿನ ಮ್ಯಾಲ ಮಾತು ಬರಬಾರ್ದು.”

ಬರೆದಿಡುತ್ತೇನೆ, ಆಪರೇಶನ್ ಟೇಬಲ್ ಮೇಲೆ ಬಾಯಿ ಬರುತ್ತದೋ ಇಲ್ಲವೋ. ಬೆಳಿಗ್ಗೆ ಆರಕ್ಕೇ ಜೋಮು ಇತ್ತು. ಆಕೆಯ ಕಾಲಿಗಿಂತ ಮೊದಲು. ಜೋಳದ ಚೀಲದಿಂದ ಬಂದದ್ದು. ಎರಡು ಸಲ ಆಕೆಯ ಕಾಲು ತಾಗಿದ್ದು ಗೊತ್ತಾಗದೆ ಹೋಯಿತಲ್ಲ, ಅದರಿಂದಲೇ ಇಂದು ನನಗೆ ಎಚ್ಚರ ಬಂದದ್ದು. ಇಲ್ಲದಿದ್ದರೆ ಚಳಿ ಅಂತ ಚಾದರ ಹೊದ್ದು ಮಲಗಿರುತ್ತಿದ್ದೆ. ಪಂಚಿಗೆ ಈ ಮಾತು ಮೊದಲು. ಕಾರು ಹತ್ತುವುದು ಆಮೇಲೆ.

ಹಾರ್ನ್. ಬಂದಳು.

ಹೊಸ್ತಿಲ ಹೊರಗೇ ನಿಂತಿದ್ದಾಳೆ. ಡ್ರೈವರ್ ಒಳಗೆ ಬಂದ, ಆಕೆ ಬರುತ್ತಿಲ್ಲ. ಎಡಗಾಲನ್ನು ಬಲಗಾಲಿನ ಹಿಂದೆ ಮರೆಮಾಡಿಕೊಂಡು...

ಪಂಚಿ, ಒಳಗೆ ಕಾಲಿಡವಾ. ಬೆಳಿಗ್ಗೆ ಆರಕ್ಕೇ —