ಗೋಲು ಇದ್ದ ಜಾಗ

ಕೃಷ್ಣಮೂರ್ತಿಪುರಂ, ಮೈಸೂರು
೧೨-೬-೧೯೬೧

ಕ್ಲಬ್ಬಿನ ಅಧ್ಯಕ್ಷರಾದ ಲಿಂಗರಾಜಯ್ಯನವರಿಗೆ,

ನಮ್ಮ ಗೋಲ್‌ಕೀಪರ್ ಮರಿಯಯ್ಯ ನಿನ್ನೆ ತೀರಿಕೊಂಡ. ಆಟಗಾರ ಸತ್ತರೆ ಸ್ಮಶಾನಕ್ಕೆ ಒಯ್ಯುವ ಮೊದಲು ನಮ್ಮ ಸ್ಟೇಡಿಯಮ್ಮಿನ ಗೋಲಿನ ಮುಂದೆ ಚಟ್ಟ ಇಳಿಸುವುದು ಪದ್ಧತಿಯಲ್ಲವೇ? ಅಭ್ಯಾಸಬಲದಿಂದ ಅಲ್ಲಿಗೇ ಹೊತ್ತುಕೊಂಡು ಹೋದೆವು. ನೀವು ಸ್ಟೇಡಿಯಮ್ಮನ್ನು ಕೆಡವಿಸಿ ಟಾಕೀಸಿನವರಿಗೆ ಮಾರಿದ್ದು ದುಃಖದಲ್ಲಿ ಮರೆತೇಹೋಗಿತ್ತು. ಗೋಲು ಇದ್ದ ಕಡೆ ಈಗ ಕಕ್ಕಸು ಕಟ್ಟುತ್ತಿದ್ದಾರೆ. "ಹೆಣ ಆಚೆ ತಗೊಂಡ್ ಹೋಗ್ರೀ, ಸಾಹುಕಾರ್ರು ಬೈತಾರೆ" ಅಂತ ಕಾವಲುಗಾರ ಗೇಟು ಹಾಕಿಬುಟ್ಟ.

ನೀವು ಕಳಿಸಿದ ಗುಲಾಬಿ ಹಾರವನ್ನು ಮರಿಯಯ್ಯನ ಹೆಂಡತಿ ಚೆಲುವಮ್ಮ ಮುಟ್ಟಲಿಲ್ಲ. ನನಗೂ ಹೇಸಿಗೆಯಾಯಿತು. ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ.

ನೀವೂ ನಮ್ಮ ಟೀಮಿನಲ್ಲೇ ಆಡಿದವರು. ನಿಮ್ಮ ಸರದಿ ಬಂದಾಗ ನಾವು ಪದ್ಧತಿ ತಪ್ಪಿಸುವುದಿಲ್ಲ, ಆ ಕಕ್ಕಸಿನ ಮುಂದೆಯೇ ಇಳಿಸುತ್ತೇವೆ. ಗೇಟು ತೆಗೆಯಲು ಕಾವಲುಗಾರನಿಗೆ ಈಗಲೇ ಹೇಳಿಡಿ.

ಇತಿ, ನಿಮ್ಮ ಹಳೆಯ ಹಾಫ್‌ಬ್ಯಾಕ್,
ಸಿದ್ದರಾಜು