ಎತ್ತದೇ ಉಳಿದ ಕೈ

9 ಜೂನ್ 1998, ಮಂಗಳವಾರ. ಹೊಳೆನರಸೀಪುರ. ಬೆಳಿಗ್ಗೆ ಆರೂವರೆ

ಎಂಬತ್ತನಾಲ್ಕು, ಎಂಬತ್ತೈದು... ಎಂಬತ್ತಾರಕ್ಕೆ ತೊಡೆ ನಡುಗಿತು. ಬಿಡಲಿಲ್ಲ. ನೂರು ಮುಗಿಸಿದೆ.

ರಾಗಿಹಿಟ್ಟಿನ ಚೀಲಕ್ಕೆ ಹೊಳೆಮರಳು ತುಂಬಿ ಹೊಲಿದುಕೊಟ್ಟವಳು ದೊಡ್ಡಮ್ಮ. ಒಂದೂವರೆ ಕೆಜಿ. ಬಲಗಾಲಿಗೆ ಕಟ್ಟು, ಮಲಗು, ಎತ್ತು, ಹತ್ತು ಎಣಿಸು, ಇಳಿಸು. ಬೆಂಗಳೂರಿನಲ್ಲಿ ಮಂಡಿ ಆಪರೇಷನ್ ಆಗಿ ಇಪ್ಪತ್ತೈದು ದಿನ. ಹಳ್ಳಿಮೈಸೂರಿನ ನಮ್ಮ ಮನೆಗೆ ಹೋಗಲಿಲ್ಲ. ಹಾಸನದ ಫಿಸಿಯೋಥೆರಪಿಗೆ ಇಲ್ಲಿಂದ ಬಸ್ಸು ಸುಲಭ ಅಂತ ಅಪ್ಪನಿಗೆ ಹೇಳಿದ್ದೇನೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಲಿ ನಡುಮನೆಯಲ್ಲೇ ಕಾರ್ಖಾನೆ ಟೀಮಿಗೆ ಸೆಲೆಕ್ಷನ್ ಆದ ದಿನದ ಫೋಟೋ ಇದೆ, ಕಟ್ಟು ಹಾಕಿಸಿದ್ದು. ಅದರ ಕೆಳಗೆ ಮಲಗಲಾರೆ.

"ಮಳ್ಳು ಒರೋದೇ ಆಗಿದ್ರೆ ಗಾರೆ ಕೆಲ್ಸುಕ್ಕೆ ಓಗ್ಬೋದಿತ್ತಲ್ಲೇ ಸಿಂಧು" ಅಂದಳು ದೊಡ್ಡಮ್ಮ, ಕಾಫಿ ಲೋಟ ಇಡುತ್ತಾ. ನಕ್ಕೆ. ನಕ್ಕರೂ ಮಂಡಿಗೆ ಗೊತ್ತಾಗುತ್ತದೆ.

11 ಜೂನ್

ಮಂಡಿಯಿಂದ ತೆಗೆದ ಕಾರ್ಟಿಲೇಜ್ ತುಂಡನ್ನು ಡಾಕ್ಟರು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ಗೂಡಿನಲ್ಲಿ ಇಟ್ಟಿದ್ದೆ. ದೊಡ್ಡಮ್ಮ ಇವತ್ತು ಎತ್ತಿ ಬೆಳಕಿಗೆ ಹಿಡಿದಳು.

"ಕೊಬ್ರಿ ಚೂರ್ ಇದ್ದಂಗದೆ. ಮನೇಲಿ ಮಡಿಕ್ಕಬಾರ್ದು ಮಗಾ. ಒಳೇಗೆ ಬುಟ್ಬುಡು."

ಬಿಡಲಿಲ್ಲ. ಗೂಡಿಗೇ ಇಟ್ಟೆ. ಅದು ಹರಿದ ಗಳಿಗೆ ನೆನಪಿದೆ. ಬಾಸ್ಕೆಟ್‌ಬಾಲ್ ಪ್ರಾಕ್ಟೀಸು. ಬೋರ್ಡಿಗೆ ಬಡಿದು ಬಂದ ಚೆಂಡಿಗೆ ಹಾರಿದೆ. ಇಳಿದದ್ದು ಜೊತೆಯವಳ ಪಾದದ ಮೇಲೆ. ಪಾಪ, ಅವಳು ಬೇಕಂತ ಇಟ್ಟದ್ದಲ್ಲ. ಟಪ್ ಅಂತು. ಹಸಿ ಹುರುಳಿಕಾಯಿ ಮುರಿದ ಹಾಗೆ.

ನೋವು ಆಮೇಲೆ ಬಂತು. ಮೊದಲು ಬಂದದ್ದು ಗುರುತು. ಈ ಶಬ್ದ ನಾನು ಹಿಂದೆ ಕೇಳಿದ್ದೆ. ಹಾಸನದಲ್ಲಿ. ಅವತ್ತು ಮಂಡಿ ಬೇರೆಯವರದ್ದು.

20 ಜೂನ್

ನನಗೆ ಕೆಲಸ ಕೊಟ್ಟ ಕಾರ್ಖಾನೆಯಿಂದ ಕಾಗದ. ಆಗಸ್ಟ್ 30ಕ್ಕೆ ಹಾಸನದಲ್ಲಿ ಟೂರ್ನಮೆಂಟು. ನಮ್ಮ ಟೀಮು ಬರುತ್ತದೆ. ಮ್ಯಾನೇಜರ್ ಕೂತು ನೋಡುತ್ತಾರೆ. ಆಡಿ ತೋರಿಸಬೇಕು. ಹಾರಿದರೆ ಟೀಮು, ಟೀಮಿದ್ದರೆ ಕೆಲಸ. ಇಲ್ಲವಾದರೆ ಸೆಪ್ಟೆಂಬರಿಗೆ ಕಾಂಟ್ರಾಕ್ಟ್ ಮುಗಿಯಿತು. ಸ್ಪೋರ್ಟ್ಸ್ ಕೋಟಾ ಅಂದರೆ ಇಷ್ಟೆ. ನನ್ನನ್ನು ಕೊಂಡದ್ದಲ್ಲ, ನನ್ನ ಎರಡು ಮಂಡಿ ಕೊಂಡದ್ದು.

ಹಾಸನ. ಬೇರೆ ಊರೇ ಸಿಗಲಿಲ್ಲವಾ ಇವರಿಗೆ.

4 ಜುಲೈ

ಇವತ್ತು ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತೆ! ಐವತ್ತು ದಿನ ತೂತು ಕೊರೆದ ಮರದ ಕುರ್ಚಿ ಮೇಲೆ ಕೂತವಳಿಗೆ ಇದು ನ್ಯಾಷನಲ್ಸ್ ಗೆದ್ದ ಹಾಗೆ. ದೊಡ್ಡಮ್ಮ ಬೀದಿಗೆಲ್ಲಾ ಹೇಳಿಬಂದಳು. ಮಾನ ಹೋಯಿತು.

ಸಂಜೆ ಶಾಲೆ ಮೈದಾನ. ಜಾಗಿಂಗ್ ಆಯಿತು. ಮಂಡಿ ಗಟ್ಟಿ. ನೋವಿಲ್ಲ, ಊತ ಇಲ್ಲ. ಚೆಂಡು ಹಿಡಿದು ಹಾರಿದೆ. ಮೇಲೆ ಹೋದವಳು ಕೆಳಗೆ ನೋಡಿದೆ. ನಾನು ಇಳಿಯುವ ಜಾಗದಲ್ಲಿ ಒಂದು ಪಾದ. ಬಿಳಿ ಶೂ, ನೀಲಿ ಪಟ್ಟಿ. ಎಡಗಾಲಿನದು.

ಮೈ ತಿರುಚಿ ಪಕ್ಕಕ್ಕೆ ಬಿದ್ದೆ. ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಆ ಶೂ ನನಗೆ ಗೊತ್ತು. ಅಪ್ಪ ನನಗೆ ಕೊಡಿಸಿದ್ದು.

5 ಜುಲೈ

ಮತ್ತೆ ಹತ್ತು ಸಲ ಹಾರಲು ನೋಡಿದೆ. ಹತ್ತು ಸಲವೂ ಶೂ.

ಬರೆದುಬಿಡುತ್ತೇನೆ. ಇದನ್ನು ಓದುವವರಿಲ್ಲ.

1995, ಮಾರ್ಚ್ 12. ಹಾಸನ ಸ್ಟೇಡಿಯಂ. ಕಾರ್ಖಾನೆಯ ಸೆಲೆಕ್ಷನ್ ಮ್ಯಾಚು. ನಮ್ಮ ಜಿಲ್ಲೆಗೆ ಒಂದೇ ಜಾಗ. ಕೊನೆಗೆ ಉಳಿದದ್ದು ಇಬ್ಬರು: ನಾನು, ಕೊಣನೂರಿನ ಕಾವೇರಿ. ಕೇರಿಯ ಹುಡುಗಿ. ಹಾಸ್ಟೆಲಿನ ಹುಳದನ್ನ ತಿಂದು ನನಗಿಂತ ಒಂದು ಗೇಣು ಮೇಲೆ ಹಾರುತ್ತಿದ್ದಳು. ಒಮ್ಮೆ ನನ್ನ ಬಾಟಲಿಯಿಂದ ನೀರು ಕುಡಿದಳು. ಎದುರಿಗೆ ನಕ್ಕೆ. ಅವಳು ಆಚೆ ಹೋದ ಮೇಲೆ ಬಾಟಲಿ ತೊಳೆದೆ. ಅದನ್ನೂ ಬರೆಯುತ್ತೇನೆ. ತೊಳೆದೆ.

ನಮ್ಮಿಬ್ಬರಿಗೂ ಆಟ ಕಲಿಸಿದವರು ಪಂಚಾಕ್ಷರಯ್ಯ ಮೇಷ್ಟ್ರು. ಹಾಫ್‌ಟೈಮಿನಲ್ಲಿ ನನ್ನ ಕಿವಿ ಹತ್ತಿರ ಬಗ್ಗಿ ಅಂದರು: "ಅವಳು ಮೇಲೆ ಹೋದಾಗ ಇಳಿಯೋ ಜಾಗ ನಿಂದು ಮಾಡ್ಕೊ."

ಅವಳು ಹಾರಿದಳು. ನಾನು ಎಡಗಾಲು ಮುಂದಿಟ್ಟೆ. ಜಾರಿದ್ದಲ್ಲ. ಇಟ್ಟೆ.

ಟಪ್.

ರೆಫರಿಯ ಕಣ್ಣು ಚೆಂಡಿನ ಮೇಲಿತ್ತು. ಸೀಟಿ ಇಲ್ಲ. ಫೌಲ್ ಮಾಡಿದವರು ಸ್ಕೋರ್ ಟೇಬಲ್ಲಿಗೆ ಮುಖ ಮಾಡಿ ಕೈ ಎತ್ತಬೇಕು. ಹೈಸ್ಕೂಲಿನಿಂದ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಪಾಠ. ಸೀಟಿ ಬರಲಿ ಬಿಡಲಿ, ತಪ್ಪು ನಿನ್ನದಾದರೆ ಕೈ ನಿನ್ನದು ಅನ್ನುತ್ತಿದ್ದರು. ನಾನು ಎತ್ತಲಿಲ್ಲ. ಆ ಕೈಯಲ್ಲಿ ಚೆಂಡು ಎತ್ತಿಕೊಂಡೆ, ಓಡಿದೆ, ಬಾಸ್ಕೆಟ್ಟಿಗೆ ಹಾಕಿದೆ. ಚಪ್ಪಾಳೆ. ಅವಳು ನೆಲದಲ್ಲಿ ಮಂಡಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಅವಳ ಮಂಡಿಗೆ ಮೊಟ್ಟೆ ಲೋಳೆ, ಬಿದಿರು ದಬ್ಬೆ ಕಟ್ಟಿ ಪಟ್ಟು ಹಾಕಿಸಿದರಂತೆ. ನನ್ನದಕ್ಕೆ ಬೆಂಗಳೂರಿನ ಡಾಕ್ಟರು. ನನ್ನ ಹರಕು ತುಂಡು ಬಾಟಲಿಯಲ್ಲಿದೆ. ಅವಳದು ಇನ್ನೂ ಒಳಗೇ ಇದೆ.

19 ಜುಲೈ. ಚನ್ನರಾಯಪಟ್ಟಣದಿಂದ ವಾಪಸ್, ಬಸ್ಸಿನಲ್ಲಿ

ಮೇಷ್ಟ್ರು ರಿಟೈರ್ ಆಗಿದ್ದಾರೆ. ಜಗಲಿ ಮೇಲೆ ಪೇಪರ್ ಹಿಡಿದು ಕೂತಿದ್ದರು.

"ಏನಮ್ಮ ಚಾಂಪಿಯನ್! ಮಂಡಿ ರಿಪೇರಿ ಆಯ್ತಾ?"

"ಸಾ, ಅವತ್ತು ಕಾವೇರಿ ಇಳಿಯೋವಾಗ ನಾನು ಕಾಲಿಟ್ಟೆ."

"ಗೊತ್ತು" ಅಂದರು. ಪೇಪರ್ ಕೂಡ ಇಳಿಸಲಿಲ್ಲ.

"ನೀವೇ ಹೇಳಿದ್ದು."

"ಜಾಗ ಹಿಡಿ ಅಂದೆ. ಕಾಲು ಮುರಿ ಅಂದ್ನೇನಮ್ಮ? ಸೀಟಿ ಊದಿಲ್ಲ ಅಂದ್ಮೇಲೆ ಫೌಲಿಲ್ಲ. ಮುಗೀತು."

"ಸೀಟಿ ಬರದಿದ್ರೂ ಕೈ ಎತ್ಬೇಕು ಅಂತ ಬೆತ್ತದಲ್ಲಿ ಕಲಿಸಿದ್ದೂ ನೀವೇ ಸಾ."

ಆಗ ಪೇಪರ್ ಇಳಿಯಿತು. "ನಿಮ್ಮಪ್ಪ ಪುಟ್ಟಸ್ವಾಮಿ ಸೆಲೆಕ್ಷನ್‌ಗೆ ಮುಂಚೆ ಎರಡು ಸಲ ಬಂದು, ಜಾಗ ನಿನಗೇ ಸಿಗ್ಬೇಕು ಅಂತ ಇದೇ ಜಗಲೀಲಿ ಕೂತಿದ್ರು. ಊರಿಗೆ ದೊಡ್ಡವರು. ನಾನೇನ್ ಮಾಡ್ಲಿ, ಹೇಳು. ಆ ಹುಡುಗೀನೂ ಕೈಬಿಟ್ಟಿಲ್ಲ. ಸ್ಟೇಡಿಯಂನಲ್ಲಿ ಸ್ಕೋರ್ ಬರೆಯೋಕೆ ಕೂರ್ಸಿದ್ದೀನಿ. ಕೂತ್ಕೊಂಡು ಮಾಡೋ ಕೆಲಸ."

ಕೂತ್ಕೊಂಡು ಮಾಡೋ ಕೆಲಸ! ಹಾರುವವಳ ಕಾಲು ಕಿತ್ತು ಕುರ್ಚಿ ಕೊಟ್ಟಿದ್ದಾರೆ. ಇವರ ಕರುಣೆಗೆ ಬೆಂಕಿ ಹಾಕ. ಬಾಯಿಬಿಟ್ಟು ಅನ್ನಲಿಲ್ಲ. ಅನ್ನಲು ನಾನ್ಯಾವ ಬಾಯಿ ಇಟ್ಟುಕೊಂಡಿದ್ದೇನೆ? ಆ ಕುರ್ಚಿಗೆ ಮೊದಲ ಮೊಳೆ ಹೊಡೆದವಳು ನಾನು.

ಕಾವೇರಿ ಆ ಟೇಬಲ್ಲಿನಲ್ಲಿ ಕೂತಿರುತ್ತಾಳೆ. 30ಕ್ಕೂ.

9 ಆಗಸ್ಟ್. ರಾತ್ರಿ ಊಟಕ್ಕೆ ಮುಂಚೆ

ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಕೊಣನೂರಿಗೆ ಹೋಗಿದ್ದೆ. ಮೊದಲೇ ಹೇಳಿಬಿಡಬೇಕು ಅಂತ.

ಕಾವೇರಿ ಇರಲಿಲ್ಲ. ಹಾಸನದಲ್ಲೇ ರೂಮು ಮಾಡಿದ್ದಾಳೆ, ಟೈಪಿಂಗ್ ಕಲಿಯುತ್ತಿದ್ದಾಳೆ. ಅವಳ ಅವ್ವ ಚಾಪೆ ಹಾಕಿದಳು.

"ನಮ್ ಕಾವೇರಿ ಜತೆ ಆಡ್ತಿದ್ದೋರಾ? ಕೂತ್ಕಳಿ ಅವ್ವಾರೆ. ನೀರು..." ಅಂದವಳು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ಕೊಡಿ" ಅಂದೆ. ಎರಡು ಲೋಟ ಕುಡಿದೆ.

"ನಾಟಿಗೆ ಬಗ್ಗಕಾಗಕಿಲ್ಲ ಅವ್ಳಿಗೆ. ಚಳಿಗಾಲ ಬಂದ್ರೆ ಇಡೀ ರಾತ್ರಿ ನರಳ್ತಾಳೆ. ಎಂಗ್ ಬಿದ್ಯೇ ಅಂದ್ರೆ, ನಾನೇ ಬಿದ್ದೆ ಕಣವ್ವ ಅಂತಾಳೆ. ನಿಮ್ಗೂ ಮಂಡೀದೇ ಅಂದ್ರಲ್ಲಾ... ಯಾವ ಡಾಕ್ಟ್ರು ಮಾಡುದ್ದು? ಚೀಟೀಲಿ ಬರ್ಕೊಡಿ ಅವ್ವಾರೆ, ನಮ್ ಉಡ್ಗೀಗೂ ತೋರುಸ್ತೀನಿ."

ಬರೆದುಕೊಟ್ಟೆ. ಡಾಕ್ಟರ ಹೆಸರು, ಆಸ್ಪತ್ರೆ, ಬಸ್ ನಂಬರ್. ನನ್ನ ಹೆಸರು ಬರೆಯಲಿಲ್ಲ. ಹೇಳಲು ಹೋದದ್ದನ್ನು ಹೇಳಲಿಲ್ಲ. ಆ ಅವ್ವ ಬಸ್‌ಸ್ಟಾಪಿನವರೆಗೂ ಕಳಿಸಿಕೊಡಲು ಬಂದಳು.

ನಾನೇ ಬಿದ್ದೆ ಅಂತ ಹೇಳಿದ್ದಾಳೆ. ಯಾಕೆ?

10 ಆಗಸ್ಟ್

ಗೂಡಿನಲ್ಲಿ ಬಾಟಲಿ ಇಲ್ಲ. ನಾನು ಕೊಣನೂರಿಗೆ ಹೋಗಿದ್ದಾಗ ದೊಡ್ಡಮ್ಮ ಹೊಳೆಗೆ ಬಿಟ್ಟು, ಮುಳುಗು ಹಾಕಿ ಬಂದಳಂತೆ. "ಓಯ್ತು ಬುಡು, ಪೀಡೆ."

ಸಂಜೆ ಮೈದಾನಕ್ಕೆ ಹೋದೆ. ಹಾರಿದೆ. ಶೂ ಅಲ್ಲೇ ಇತ್ತು.

30 ಆಗಸ್ಟ್, ಭಾನುವಾರ. ಹಾಸನ ಸ್ಟೇಡಿಯಂ ಮೆಟ್ಟಿಲು. ಸಂಜೆ ಐದು

ಟೀಮಿನ ಬಸ್ಸು ಹೋಯಿತು. ನನ್ನ ಬ್ಯಾಗ್ ಇಳಿಸಿ ಹೋದರು. ಸೋಮವಾರ ಆಫೀಸಿಗೆ ಬಂದು ಲೆಟರ್ ತಗೊಳಿ ಅಂದರು ಮ್ಯಾನೇಜರ್. ಬಹುವಚನದಲ್ಲಿ ಕರೆದದ್ದು ಇವತ್ತೇ ಮೊದಲು.

ಮರೆಯುವ ಮೊದಲು ಬರೆಯಬೇಕು.

ಟೇಬಲ್ಲಿನಲ್ಲಿ ಕಾವೇರಿ. ಮೂರು ವರ್ಷದಲ್ಲಿ ದಪ್ಪಗಾಗಿದ್ದಾಳೆ. ನನ್ನ ಹೆಸರು ಬರೆದುಕೊಂಡಳು, ತಲೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಮೇಷ್ಟ್ರು, ಮ್ಯಾನೇಜರ್ ಪಕ್ಕ.

ಫಸ್ಟ್ ಹಾಫ್ ಪೂರ್ತಿ ನಾನು ಹಾರಲಿಲ್ಲ. ಪಾಸ್ ಕೊಟ್ಟುಕೊಂಡು ಕಾಲ ಕಳೆದೆ. ಸೆಕೆಂಡ್ ಹಾಫ್. ಎದುರು ಟೀಮಿನ ಎಳೇ ಹುಡುಗಿ, ಹೆಸರೂ ಗೊತ್ತಿಲ್ಲ, ನನ್ನ ಮುಂದೆಯೇ ಹಾರಿದಳು. ಎಷ್ಟು ಮೇಲೆ! ಕಾವೇರಿ ಹಾರಿದ ಹಾಗೆ. ನನ್ನ ಎಡಗಾಲು ತಾನಾಗೇ ಮುಂದೆ ಹೊರಟಿತು. ಬೆಂಗಳೂರು, ಆಪರೇಷನ್ನು, ಮರಳು ಚೀಲ, ಎಲ್ಲಾ ಆದ ಮೇಲೂ ಕಾಲಿಗೆ ಕಲಿಸಿದ ಪಾಠ ಮರೆತಿರಲಿಲ್ಲ. ಹಿಂದಕ್ಕೆ ಎಳೆದುಕೊಂಡೆ. ಕೂದಲೆಳೆ ಅಂತರ. ಹುಡುಗಿ ನೆಟ್ಟಗೆ ಇಳಿದಳು, ನಗುತ್ತಾ ಓಡಿದಳು.

ಸೀಟಿ ಇಲ್ಲ. ನಾನು ಟೇಬಲ್ಲಿಗೆ ಮುಖ ಮಾಡಿ ನಿಂತು ಕೈ ಎತ್ತಿದೆ.

ಆಟ ನಿಂತಿತು. ರೆಫರಿ ಓಡಿಬಂದರು. "ಫೌಲೇ ಆಗಿಲ್ಲ, ಕೈ ಯಾಕಮ್ಮ ಎತ್ತಿದ್ದೀಯ? ಇಳಿಸು." ಇಳಿಸಲಿಲ್ಲ. ಬೆಂಚಿನಿಂದ ನಮ್ಮವರು ಬೈಯುತ್ತಿದ್ದರು. ಎತ್ತಿದ ಕೈಯಲ್ಲೇ ಟೇಬಲ್ಲಿನವರೆಗೆ ನಡೆದೆ.

ಕಾವೇರಿ ಈಗ ನೋಡಿದಳು. ಅವತ್ತು ನೆಲದಿಂದ ನೋಡಿದ್ದ ಅದೇ ಕಣ್ಣು.

"ಏಳನೇ ನಂಬರು" ಅಂದಳು, ಪೆನ್ನು ಹಿಡಿದು. "ಯಾವ್ ಮ್ಯಾಚಿಂದು?"

"ತೊಂಬತ್ತೈದರದು."

ಪೆನ್ನು ಕೆಳಗಿಟ್ಟಳು. ಟೇಬಲ್ ಒತ್ತಿ ಹಿಡಿದು ಎದ್ದಳು, ಎಡಗಾಲು ಮೊದಲು, ಬಲಗಾಲು ಎಳೆದುಕೊಂಡು.

"ಮೂರು ವರ್ಸ ನಮ್ಮವ್ವನ್ಗೆ ನಾನೇ ಬಿದ್ದೆ ಅಂತ ಸುಳ್ಳೇಳೀನಿ ಕಣೆ. ದೊಡ್ಡೋರ್ ಮನೆ ಉಡ್ಗಿ ಮ್ಯಾಲೆ ಏಳುದ್ರೆ ಯಾರ್ ನಂಬ್ತಾರೆ ಅಂತ. ಗೊಣಗ್ಬೇಡ. ಅಲ್ಲಿ ಕೂತವ್ರಲ್ಲ, ಮೇಷ್ಟ್ರು, ಅವ್ರ್ ಕಿವೀಗೂ ಬೀಳ್ಬೇಕು. ಕೂಗಿ ಏಳು."

ಕೈ ಇಳಿಸದೆ ಆ ಸಾಲಿನ ಕಡೆ ತಿರುಗಿದೆ. ಕೂಗಿ ಹೇಳಿದೆ: "ಮಾರ್ಚ್ ಹನ್ನೆರಡು, ತೊಂಬತ್ತೈದು. ಇವಳು ಹಾರಿದ್ದಳು. ನಾನು ಕಾಲು ಇಟ್ಟೆ. ಜಾರಿದ್ದಲ್ಲ, ಇಟ್ಟೆ."