ಏಳು ಚುಚ್ಚಿನ ಹೊಲಿಗೆ

ಆಸ್ಪತ್ರೆ ಕ್ವಾರ್ಟರ್ಸ್, ಮೇಲಿನ ಮಹಡಿ
ಹನ್ನೆರಡನೇ ತಾರೀಖು, ಗುರುವಾರ ಬೆಳಿಗ್ಗೆ

ನಮ್ಮನೆಯವರಿಗೆ,

ಹೇಗಿದ್ದೀರಿ? ಮೂರು ವರ್ಷದಿಂದ ಕೇಳದೆ ಉಳಿದ ಮಾತು ಇದು. ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ನಾನು ಚೆನ್ನಾಗಿದ್ದೇನೆ. ಕೂದಲು ಅರ್ಧ ಬೆಳ್ಳಗಾಗಿದೆ, ನೋಡಿದರೆ ನಗುತ್ತೀರಿ. ಮಗಳು ನಿಮ್ಮ ಎತ್ತರಕ್ಕೆ ಬೆಳೆದಿದ್ದಾಳೆ. ನಿಮ್ಮ ಹಾಗೆಯೇ ಚಪ್ಪಲಿಯನ್ನು ದಾರಿಗಡ್ಡ ಬಿಟ್ಟು ನನ್ನಿಂದ ಬೈಸಿಕೊಳ್ಳುತ್ತಾಳೆ. ನದಿಯಲ್ಲಿ ನಿಮ್ಮ ದೋಣಿ ಮುಳುಗಿದ ದಿನ ಹನ್ನೊಂದು ಜನರನ್ನು ಮೇಲೆತ್ತಿದರು, ನೀವು ಮಾತ್ರ ಸಿಗಲಿಲ್ಲ. ಆಮೇಲೆ ಕಚೇರಿಯವರು ಮರಣಪತ್ರ ಕೊಟ್ಟರು. ತಂದು ಬೀರುವಿನಲ್ಲಿಟ್ಟೆ. ಇನ್ನೇನು ಮಾಡಲಿ ಹೇಳಿ.

ಹೋದ ವಾರ ಒಬ್ಬ ಲಾರಿ ಡ್ರೈವರನನ್ನು ಕರೆತಂದರು. ಉಪ್ಪು ಸಾಗಿಸುವವನು, ದೈತ್ಯನಂಥ ಆಳು. ನೋವಿಗೆ ಮಗುವಿನ ಹಾಗೆ ಅಳುತ್ತಿದ್ದ. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು, ಕರುಳು ಒಳಗೆಲ್ಲೋ ಸಿಕ್ಕಿಹಾಕಿಕೊಂಡಿತ್ತು. ನಿಮ್ಮ ಜಾಗಕ್ಕೆ ಬಂದ ಹೊಸ ಸರ್ಜನ್ ಹೊಟ್ಟೆ ತೆರೆದರು, ನಾನು ಎಂದಿನಂತೆ ಕತ್ತರಿ, ಸೂಜಿ ಕೊಡುತ್ತ ಪಕ್ಕದಲ್ಲಿದ್ದೆ. ಸಿಕ್ಕು ಬಿಡಿಸಿ ಕರುಳನ್ನು ಹೊರಳಿಸಿದಾಗ ಅಲ್ಲೊಂದು ಹಳೆಯ ಹೊಲಿಗೆ. ಯಾರೋ ಅಪೆಂಡಿಕ್ಸ್ ತೆಗೆದು, ಉಳಿದ ಮೋಟನ್ನು ಒಳಕ್ಕೆ ತಳ್ಳಿ, ಸುತ್ತಲೂ ದಾರ ಪೋಣಿಸಿ, ಚೀಲದ ಬಾಯಿ ಎಳೆದಂತೆ ಎಳೆದು ಮುಚ್ಚಿದ್ದರು. ಕಪ್ಪು ರೇಷ್ಮೆ ದಾರ. ಏಳು ಚುಚ್ಚು. ಎಡಗೈಯವರು ಸುತ್ತುವ ದಿಕ್ಕು. ಗಂಟಿನ ಮೇಲೆ ಇನ್ನೊಂದು ಗಂಟು, ಅಕ್ಕಿಕಾಳಿನಷ್ಟು ದಾರದ ಬಾಲ. ಹದಿನಾಲ್ಕು ವರ್ಷ ನಾನೇ ಕತ್ತರಿಸುತ್ತಿದ್ದ ಬಾಲ ಅದು. 'ಗಿಡ್ಡ ಮಾಡ್ಬೇಡ ಕಣೇ, ಬಿಚ್ಕೊಂಡೀತು' ಎಂದು ಪ್ರತಿಸಲ ಹೇಳುತ್ತಿದ್ದಿರಿ. 'ಎಷ್ಟು ಚೆಂದ ಹೊಲಿದಿದ್ದಾರೆ, ಯಾರಿರಬಹುದು ಸಿಸ್ಟರ್?' ಎಂದರು ಹೊಸಬರು. ನಾನು ಮುಂದಿನ ಸೂಜಿ ಕೊಟ್ಟೆ. ನಿಮ್ಮ ಹಳೆಯ ರೋಗಿಯೇ ಇರಬೇಕೆಂದು ಸಮಾಧಾನ ತಂದುಕೊಂಡೆ.

ಎರಡು ದಿನ ಬಿಟ್ಟು ಅವನನ್ನೇ ವಿಚಾರಿಸಿದೆ. ಆ ಆಪರೇಷನ್ ಆದದ್ದು ಬರೀ ಒಂಬತ್ತು ತಿಂಗಳ ಹಿಂದೆ! ನದಿ ಸಮುದ್ರ ಸೇರುವಲ್ಲಿ ಹಾಳುಬಿದ್ದ ಉಪ್ಪಿನ ಗೋದಾಮಿದೆಯಲ್ಲ, ಅಲ್ಲಿ ನೋವು ತಾಳದೆ ಲಾರಿ ನಿಲ್ಲಿಸಿದನಂತೆ. ಒಳಗಿಂದ ಒಬ್ಬರು ಬಂದು ಕೈ ಹಿಡಿದು ಕರೆದೊಯ್ದು ಅಲ್ಲೇ ಆಪರೇಷನ್ ಮಾಡಿದರಂತೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಸೊಂಟದ ಕೆಳಗೆ ಮರಗಟ್ಟಿತ್ತು, ಆದರೆ ಪೂರ್ತಿ ಎಚ್ಚರವಿತ್ತಂತೆ. 'ಅಕ್ಕಾ, ಹೊರಗೆ ಸುಡುಬಿಸಿಲು. ಅವರ ಬಟ್ಟೆ ನೋಡಿದ್ರೆ ತೊಯ್ದು ತೊಪ್ಪೆ. ತೋಳಿಂದ ನೀರು ತೊಟ್ಟಿಕ್ಕತಾನೇ ಇತ್ತು. ಆದ್ರೆ ನನ್ನ ಮೈಮೇಲೆ ಒಂದು ಹನೀನೂ ಬೀಳಲಿಲ್ಲ' ಎಂದ. ತಿಂಗಳು ಕಳೆದು ಹಣ್ಣು ಹಿಡಿದುಕೊಂಡು ಹೋದರೆ ಬಾಗಿಲಿಗೆ ತುಕ್ಕು ತಿಂದ ಬೀಗ, ಸಂದಿಯಿಂದ ಇಣುಕಿದರೆ ಒಳಗೆ ಆಳೆತ್ತರದ ಹುಲ್ಲಂತೆ.

ಕೇಳಿ ಮೊದಲು ಸಿಟ್ಟು ಬಂತು. ನೆಗಡಿ ಹಿಡಿದರೆ ತಿಂಗಳುಗಟ್ಟಲೆ ಬಿಡದ ಮೈ ನಿಮ್ಮದು. ಒದ್ದೆ ಬಟ್ಟೆಯಲ್ಲಿ ನಿಲ್ಲಬೇಡಿ ಎಂದು ಎಷ್ಟು ಸಲ ಹೇಳಿಲ್ಲ? ಆಮೇಲೆ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮಗಳಿಗೆ ಏನೂ ಹೇಳಿಲ್ಲ.

ಇವತ್ತು ಅವನಿಗೆ ಡಿಸ್ಚಾರ್ಜ್. ಅವನ ತಮ್ಮ ಲಾರಿ ತಂದಿದ್ದಾನೆ, ಅದೇ ದಾರಿಯಲ್ಲಿ ಹೋಗುತ್ತಾರೆ. ಈ ಕಾಗದವನ್ನು ಗೋದಾಮಿನ ಬಾಗಿಲ ಸಂದಿಗೆ ಸಿಕ್ಕಿಸಲು ಡ್ರೈವರ್ ಒಪ್ಪಿದ್ದಾನೆ. ಮಗಳ ಪರವಾಗಿಯೂ ನಮಸ್ಕಾರ. ಎಲ್ಲಿದ್ದರೂ ನಿಮಗೆ ಒಳ್ಳೆಯದಾಗಲಿ.

ಇಂತಿ,
ನೀವು ಕರೆಯುತ್ತಿದ್ದ ಹಾಗೆ,
ಕತ್ತರಿ

ತಾ.ಕ.: ಕಾಗದ ಕೊಡಲು ವಾರ್ಡಿಗೆ ಹೋಗಿದ್ದೆ. ಡ್ರೈವರ್ ತಟ್ಟನೆ ಏನೋ ನೆನಪಿಸಿಕೊಂಡ. ಗಂಟು ಹಾಕುವಾಗ ನೀವು ಅಂದಿರಂತೆ: 'ಈ ಹೊಲಿಗೆ ಗುರುತು ಹಿಡಿಯೋಳು ಒಬ್ಬಳಿದ್ದಾಳೆ. ಸಿಕ್ಕಿದ್ರೆ ಹೇಳು, ಇಲ್ಲಿಗೆ ಬರಬೇಡ ಅಂತ.' ಅವನು ಹೇಳಿದ, ನಾನು ಕೇಳಿಸಿಕೊಂಡೆ. ರಜೆ ಬರೆದುಕೊಟ್ಟು, ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿದೆ. ಈ ಕಾಗದ ನಾನೇ ತರುತ್ತಿದ್ದೇನೆ.